ಭಾನುವಾರ ಇಡೀ ಮಲಗಿದರೂ ಸುಸ್ತು ಹೋಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 41 ವರ್ಷ. ಬ್ಯಾಂಕ್ ಕೆಲಸ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಟ. ಐದಕ್ಕೆ ಎದ್ದು ಅಡುಗೆ ಮುಗಿಸಿ ಹೊರಟರೆ ಮನೆ ಸೇರುವಾಗ ರಾತ್ರಿ ಎಂಟು. ಆರು ತಿಂಗಳಿಂದ ಎಷ್ಟು ಮಲಗಿದರೂ ಸುಸ್ತು. ಕೌಂಟರಿಗೆ ಬರುವವರ ಮುಖ ನೋಡಿದರೇ ಸಿಟ್ಟು ಬರುತ್ತದೆ. ಮೊದಲು ಹೀಗಿರಲಿಲ್ಲ. ಯೋಗ ಕ್ಲಾಸಿಗೆ ಮೂರು ಸಲ ಸೇರಿ ಮೂರು ಸಲವೂ ಬಿಟ್ಟೆ. ನನಗೆ ಅಂತ ಸಮಯ ಇಟ್ಟುಕೊಂಡರೆ ಮನೆಯವರಿಗೆ ಮೋಸ ಮಾಡಿದ ಹಾಗೆ ಅನಿಸುತ್ತದೆ.
– ಹೆಸರು ಬೇಡ, ತುಮಕೂರು

ಉತ್ತರ: ‘ಮೊದಲು ಹೀಗಿರಲಿಲ್ಲ’ ಅಂದಿರಲ್ಲ, ಆ ಮಾತು ಹಿಡಿದುಕೊಳ್ಳಿ. ನಿಮ್ಮ ಸ್ವಭಾವ ಕೆಟ್ಟಿಲ್ಲ, ನೀವು ತುಂಬಾ ದಣಿದಿದ್ದೀರಿ. ಮೈಯಲ್ಲಿ ತ್ರಾಣ ಇಲ್ಲದಿರುವುದು, ಕೆಲಸ ಕಂಡರೆ ಬೇಸರ, ಎಷ್ಟು ಮಾಡಿದರೂ ಏನೂ ಮಾಡಿಲ್ಲ ಅನ್ನುವ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಹೇಳಿದ ಮೂರು ಲಕ್ಷಣ ಇವೇ. ಕೆಲಸದ ಒತ್ತಡ ಬಹಳ ದಿನ ಹಾಗೇ ಉಳಿದರೆ ಬರುವ ಸ್ಥಿತಿ ಇದು, ಕಾಯಿಲೆ ಅಲ್ಲ ಅಂತಲೂ ಅದು ಹೇಳಿದೆ.

ಆದರೂ ಈ ವಾರವೇ ಒಂದು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12. ರಕ್ತ ಕಡಿಮೆ ಇದ್ದರೂ ಸುಸ್ತು ಹೀಗೇ ಇರುತ್ತದೆ. ಅದನ್ನು ನೋಡದೆ ಮನಸ್ಸಿನ ಮೇಲೆ ಹಾಕುವುದು ತಪ್ಪು.

ಇನ್ನು ಯೋಗ ಕ್ಲಾಸು. ಬಿಟ್ಟಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಒಂದು ಗಂಟೆ ಬೇಕು, ಬಟ್ಟೆ ಬದಲಿಸಬೇಕು, ಮನೆ ಬಿಟ್ಟು ಹೋಗಬೇಕು. ಕೈಲಾಗದ ದಿನ ಮೊದಲು ತಪ್ಪುವುದೇ ಅದು. ತೀರಾ ಕೆಟ್ಟ ದಿನದಲ್ಲೂ ಮಾಡಲು ಆಗುವಷ್ಟು ಚಿಕ್ಕದು ಮಾತ್ರ ದಿನಾ ಉಳಿಯುತ್ತದೆ.

ಬೆಳಗಿನ ಚಹಾ ಹೇಗೆ ಕುಡಿಯುತ್ತೀರಿ? ನನ್ನ ಹತ್ತಿರ ಬರುವ ಎಷ್ಟೋ ಹೆಣ್ಣುಮಕ್ಕಳ ಚಹಾ ಒಲೆ ಪಕ್ಕದಲ್ಲೇ ಕೆನೆ ಕಟ್ಟಿ ತಣ್ಣಗಾಗಿರುತ್ತದೆ. ಡಬ್ಬಿ ಮುಚ್ಚುತ್ತಾ ನಿಂತಲ್ಲೇ ಗಟಗಟ ಕುಡಿದು ಹೊರಡುತ್ತಾರೆ. ನೀವು ಅಲ್ಲಿಂದಲೇ ಶುರು ಮಾಡಿ. ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೋ ಕಿಟಕಿ ಪಕ್ಕವೋ ಕೂತುಬಿಡಿ. ಐದು ನಿಮಿಷ. ಚಹಾ ಬಿಸಿ ಇರಲಿ, ಫೋನ್ ಒಳಗೇ ಇರಲಿ. ಕುಕ್ಕರ್ ಕೂಗಿದರೆ ಬೇರೆ ಯಾರಾದರೂ ಆರಿಸಲಿ. ಚಹಾ ಹೇಗೂ ದಿನಾ ಕುಡಿಯುತ್ತೀರಿ, ಹಾಗಾಗಿ ಬೇರೆ ನೆನಪು ಮಾಡಿಕೊಳ್ಳಬೇಕಿಲ್ಲ.

ಸಂಜೆ ರೈಲಿನಲ್ಲಿ ಇನ್ನೊಂದು. ಯಶವಂತಪುರ ಬಿಟ್ಟ ಮೇಲೆ ಚಿಕ್ಕಬಾಣಾವರ ಬರುವ ತನಕ ಫೋನ್ ಬ್ಯಾಗಿನಲ್ಲಿರಲಿ. ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಹತ್ತು ಸಲ ಸಾಕು. ಉಸಿರು ನಿಧಾನವಾಗಿ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಬಿಗಿ ಹಿಡಿದ ಭುಜ ತಾನಾಗಿ ಸಡಿಲವಾಗುತ್ತದೆ. ಸೀಟು ಸಿಗದೆ ನಿಂತಿದ್ದರೂ ಮಾಡಬಹುದು.

21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ ಅನ್ನುತ್ತಾರಲ್ವಾ, ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಹಾಳಾಗಲಿಲ್ಲ ಅಂತಲೂ ಅವರು ಕಂಡುಕೊಂಡರು. ಮಗುವಿಗೆ ಜ್ವರ ಬಂದು ನಾಲ್ಕು ದಿನ ತಪ್ಪಿತಾ? ಐದನೇ ದಿನ ಮತ್ತೆ ಕೂತುಕೊಳ್ಳಿ.

ಮೋಸದ ಮಾತು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಹದಿನೈದು ಗಂಟೆ ಬೇರೆಯವರಿಗೆ ದುಡಿದವರು ಐದು ನಿಮಿಷಕ್ಕೆ ಲೆಕ್ಕ ಕೊಡಬೇಕೇ? ಮನೆಯವರನ್ನು ಕೂರಿಸಿಕೊಂಡು ಹೇಳಿ. ‘ಸ್ವಲ್ಪ ಸಹಾಯ ಮಾಡಿ’ ಅಂದರೆ ಯಾರೂ ಏಳುವುದಿಲ್ಲ. ‘ತರಕಾರಿ ಹೆಚ್ಚೋದು ನಿಮ್ಮದು, ನೀರಿನ ಬಾಟಲಿ ತುಂಬೋದು ಮಕ್ಕಳದು’ ಅಂತ ಹಂಚಿಬಿಡಿ.

ಕೆಲಸವೇ ಅತಿಯಾಗಿದ್ದರೆ ಚಹಾ, ಉಸಿರಾಟ ಎರಡೂ ಸಾಲುವುದಿಲ್ಲ. ಮ್ಯಾನೇಜರ್ ಹತ್ತಿರ ಮಾತಾಡಿ, ವಾರಕ್ಕೆ ಎರಡು ದಿನವಾದರೂ ಕೌಂಟರ್ ಬದಲಿಸಲು ಕೇಳಿ. ಉಳಿದಿರುವ ರಜೆ ಹಾಕಿ.

ಎರಡು ವಾರ ಸತತ ನಿದ್ದೆ ಬಾರದಿದ್ದರೆ, ಸುಮ್ನೆ ಅಳು ಬರುತ್ತಿದ್ದರೆ ವೈದ್ಯರನ್ನು ನೋಡಿ. ಬದುಕೇ ಬೇಡ ಅನಿಸಿದರೆ ಒಂದು ದಿನವೂ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎರಡು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ಚಹಾ ಬಿಸಿ ಬಿಸಿಯಾಗಿ ಕುಡಿದ ದಿನ ಎಷ್ಟು ಅಂತ ತಿಳಿಸಿ.