ಹೆಂಡತಿಯರಿಬ್ಬರು, ಪಾಲು ಒಂದೇ

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಅಜ್ಜ 1979ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಅವರೇ ದುಡಿದು ಕೊಂಡ ಐದು ಎಕರೆ ಮಾವಿನ ತೋಟದ ಖಾತೆ ಇಂದಿಗೂ ಅವರ ಹೆಸರಿನಲ್ಲಿದೆ. ಇಬ್ಬರು ಹೆಂಡತಿಯರು, ಎರಡೂ ಮದುವೆ 1955ಕ್ಕೆ ಮುಂಚಿನವು. 2003ರಲ್ಲಿ ತೀರಿಕೊಂಡ ದೊಡ್ಡಜ್ಜಿಗೆ ನನ್ನ ತಾಯಿ ಒಬ್ಬರೇ ಮಗಳು. ಚಿಕ್ಕಜ್ಜಿ ಇದ್ದಾರೆ, ಅವರಿಗೆ ಮೂವರು ಗಂಡುಮಕ್ಕಳು. ಊರಿನ ಹಿರಿಯರು ಹೆಂಡತಿಯರ ಲೆಕ್ಕದಲ್ಲಿ ಅರ್ಧರ್ಧ ಮಾಡಿ ಎನ್ನುತ್ತಾರೆ. ಹೆಣ್ಣುಮಗಳಿಗೆ ಆಗ ಹಕ್ಕೇ ಇರಲಿಲ್ಲ ಎಂಬುದು ಮಾವಂದಿರ ವಾದ. ಯಾವುದು ಸರಿ?

ಉತ್ತರ: ಎರಡೂ ಅಲ್ಲ. ಮಾವಂದಿರು ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ. ಅದು ಪಿತ್ರಾರ್ಜಿತ ಆಸ್ತಿಯ ವಿಷಯ. ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂಬುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ.

ಅದೇ ಕಾಯ್ದೆಯ 10ನೇ ಕಲಮಿನಂತೆ ವಿಧವೆಯರು ಎಷ್ಟೇ ಜನರಿರಲಿ, ಎಲ್ಲರಿಗೂ ಸೇರಿ ಒಂದೇ ಪಾಲು. ಮಕ್ಕಳಿಗೆ ತಲಾ ಒಂದು. ಅಲ್ಲಿಗೆ ಐದು ಪಾಲು, ಪಾಲಿಗೊಂದು ಎಕರೆ. ಅಜ್ಜಿಯರಿಗೆ ತಲಾ ಇಪ್ಪತ್ತು ಗುಂಟೆ. (ಅಜ್ಜನ ತಾಯಿ 1979ರಲ್ಲಿ ಬದುಕಿದ್ದರೆ ಅವರಿಗೂ ಒಂದು ಪಾಲು, ಇದನ್ನು ಬಹಳ ಜನ ಮರೆಯುತ್ತಾರೆ.) ದೊಡ್ಡಜ್ಜಿಯ ಇಪ್ಪತ್ತು ಗುಂಟೆ ಅವರ ಸ್ವಂತದ್ದು. ವಿಲ್ ಇಲ್ಲದಿದ್ದರೆ ಅದು ಹೆತ್ತ ಮಗಳಿಗೆ ಹೋಗುತ್ತದೆ, ಸವತಿಯ ಮಕ್ಕಳಿಗಲ್ಲ. ನಿಮ್ಮ ತಾಯಿಗೆ ಒಟ್ಟು ಒಂದೂವರೆ ಎಕರೆ. ಚಿಕ್ಕಜ್ಜಿಯ ಭಾಗವನ್ನು ಅವರು ಯಾರಿಗಾದರೂ ಕೊಡಬಹುದು, ಮಾರಲೂಬಹುದು. ಮಕ್ಕಳ ಒಪ್ಪಿಗೆ ಬೇಕಿಲ್ಲ.

ಮದುವೆಯ ಕಾಲ ಇಲ್ಲಿ ನಿರ್ಣಾಯಕ. ದೊಡ್ಡಜ್ಜಿ ಇರುವಾಗಲೇ ಎರಡನೆಯ ಮದುವೆ, ಬಹುಪತ್ನಿತ್ವವನ್ನು ನಿಷೇಧಿಸಿದ ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದ 1955ರ ಮೇ 18ರ ನಂತರ ನಡೆದಿದ್ದರೆ ಚಿಕ್ಕಜ್ಜಿಗೆ ಏನೂ ಸಿಗುತ್ತಿರಲಿಲ್ಲ. ಅವರ ಮಕ್ಕಳ ಪಾಲಿಗೆ ಮಾತ್ರ ಧಕ್ಕೆ ಇರುತ್ತಿರಲಿಲ್ಲ.

ಮೊದಲು ನಾಡಕಚೇರಿಯಲ್ಲಿ ಎಲ್ಲರ ಹೆಸರಿರುವ ವಂಶವೃಕ್ಷ ಮಾಡಿಸಿ, ಜಂಟಿಯಾಗಿ ಪೌತಿ ಖಾತೆಗೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಅರ್ಜಿ ಕೊಡಿ. ಯಾರಾದರೂ ನಿಮ್ಮ ತಾಯಿಯ ಹೆಸರು ಬಿಟ್ಟು ಅರ್ಜಿ ಹಾಕಿದ್ದರೆ ನೋಟಿಸಿನ ಅವಧಿಯೊಳಗೆ ಲಿಖಿತ ತಕರಾರು ಸಲ್ಲಿಸಿ. ಖಾತೆ ಕಂದಾಯದ ದಾಖಲೆಯಷ್ಟೇ, ಪಹಣಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಎಲ್ಲರೂ ಒಪ್ಪಿದರೆ 11ಇ ನಕ್ಷೆ (ಜಮೀನನ್ನು ಅಳೆದು ಪಾಲುಗಳನ್ನು ಗುರುತಿಸುವ ಸರ್ವೆ ನಕ್ಷೆ) ಮಾಡಿಸಿ ವಿಭಾಗ ಪತ್ರ ನೋಂದಾಯಿಸಿ. ಕೊಳವೆಬಾವಿ ಇದ್ದರೆ ನೀರಿನ ಸರದಿಯನ್ನೂ ಅದರಲ್ಲೇ ಬರೆಸಿ. ನಮ್ಮ ಕೋಲಾರದ ಕಡೆ ಜಗಳ ನೆಲಕ್ಕಿಂತ ನೀರಿಗೇ ಹೆಚ್ಚು. ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ವಿಭಾಗದ ದಾವೆ ಹೂಡಬೇಕು. ಮಾವಂದಿರು ಉಳುಮೆ ಮಾಡಿಕೊಂಡು ಬಂದದ್ದರಿಂದಲೇ ನಿಮ್ಮ ತಾಯಿಯ ಹಕ್ಕು ಅಳಿಯದು. ಆದರೆ ಈಗ ಅವರು ಹಕ್ಕೇ ಇಲ್ಲ ಎಂದು ಬಾಯಿಬಿಟ್ಟು ಹೇಳಿರುವುದರಿಂದ 12 ವರ್ಷದ ಕಾಲಮಿತಿಯ ಪ್ರಶ್ನೆ ಏಳಬಹುದು. ವಕೀಲರ ಮೂಲಕ ತಡಮಾಡದೆ ನೋಟಿಸ್ ಕೊಡಿಸಿ.