ಪ್ರತಿಕ್ರಿಯೆ: ಮಗಳಿಗೆ ವೀರಗಲ್ಲು ಎಲ್ಲಿ ತೋರಿಸಲಿ?

ಶಿವಮೊಗ್ಗದಲ್ಲಿ ಅರ್ಧ ದಿನವಷ್ಟೇ ಇದೆ, ಹೈಸ್ಕೂಲು ಓದುವ ಮಗಳಿಗೆ ವೀರಗಲ್ಲು, ಅಂದರೆ ಕಾದಾಡಿ ಮಡಿದ ವೀರನ ನೆನಪಿನ ಕಲ್ಲು, ತೋರಿಸಬೇಕು ಎಂದು ಕೇಳಿದ್ದೀರಿ. ಯೋಚನೆಯೇ ಬೇಡ, ತುಂಗಾ ತೀರದ ಶಿವಪ್ಪ ನಾಯಕ ಅರಮನೆಗೆ ಹೋಗಿ. ಅದೀಗ ಸರ್ಕಾರಿ ವಸ್ತುಸಂಗ್ರಹಾಲಯ. ಅರಮನೆ ಎಂದೊಡನೆ ಮೈಸೂರನ್ನು ನೆನೆದು ಹೋದರೆ ನಿರಾಸೆ ಖಚಿತ. ದಪ್ಪ ಮರದ ಕಂಬಗಳ ದರ್ಬಾರು ಸಭಾಂಗಣ ಮಾತ್ರ ನೋಡುವಂತಿದೆ.

ನಿಮ್ಮ ಕೆಲಸವಿರುವುದು ಹೊರಗೆ, ಆವರಣದಲ್ಲಿ ಇಟ್ಟಿರುವ ಕಲ್ಲುಗಳ ಬಳಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ತಳದ ಪಟ್ಟಿಕೆಯಲ್ಲಿ ಕಾಳಗ, ಕೆಲವೊಮ್ಮೆ ತುರುಗಳ, ಅಂದರೆ ದನಗಳ ಸಾಲು. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲೆ ಶಿವಲಿಂಗದ ಮುಂದೆ ಅವನು, ನೆತ್ತಿಯಲ್ಲಿ ಸೂರ್ಯಚಂದ್ರರು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರಗಳಿವೆಯೇ ಎಂದು ಮಗಳೇ ಹುಡುಕಲಿ. ಬಳೆ ತೊಟ್ಟ ಒಂಟಿ ತೋಳು ಕಂಬದಿಂದ ಚಾಚಿಕೊಂಡಿದ್ದರೆ ಅದು ಮಾಸ್ತಿಕಲ್ಲು. ಸತಿ ಹೋದವಳ ನೆನಪಿನ ಕಲ್ಲು ಎಂಬುದನ್ನು ಮುಚ್ಚಿಡದೆ ಹೇಳಿ, ಆ ವಯಸ್ಸಿಗೆ ಅರ್ಥವಾಗುತ್ತದೆ.

ಬೆಳಗ್ಗೆಯೇ ಹೋಗಿ. ಓರೆ ಬಿಸಿಲಿಗೆ ಸವೆದ ಗೆರೆಗಳೂ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಎಲ್ಲವೂ ಚಪ್ಪಟೆ. ಇನ್ನೊಂದು ದಿನ ಸಿಕ್ಕರೆ ಸಾಗರದ ಬಳಿಯ ಕೆಳದಿ ನೋಡಿ: ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ, ರಾಮೇಶ್ವರ ದೇವಸ್ಥಾನದಲ್ಲಿ ಗಂಡಭೇರುಂಡದ ಕೆತ್ತನೆಯಿದೆ.