ನೆರೆ ಪರಿಹಾರ ಬಡವರ ಕೈಗೆ ಯಾಕೆ ಸಿಗುವುದಿಲ್ಲ?

ನೆರೆಯಲ್ಲಿ ಮನೆ ಕಳೆದುಕೊಂಡ ಬಡವರೇ ಪರಿಹಾರದ ಪಟ್ಟಿಯಿಂದ ಜಾಸ್ತಿ ಹೊರಗುಳಿಯುತ್ತಾರಲ್ಲ, ಇದಕ್ಕೆ ಏನು ಮಾಡಬಹುದು ಅಂತ ಕೇಳಿದ್ದೀರಿ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿದಾಗ ಹೊಳೆದಂಡೆಯ ಒಂದು ಊರಲ್ಲಿ ನಾನು ಜನರಿಗೆ ಅರ್ಜಿ ತುಂಬಿಕೊಡುತ್ತಿದ್ದೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಆ ಸಲ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಕೊಡುವುದಾಗಿ ಹೇಳಿತ್ತು. ಮೊತ್ತ ಕಡಿಮೆಯೇನಲ್ಲ. ಆದರೆ ದುಡ್ಡು ಉತಾರದ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಅಂತ ಹೇಳುವ ಕಾಗದದ, ಬೆನ್ನು ಹತ್ತಿ ಹೋಗುತ್ತದೆ, ಮನೆಯಲ್ಲಿ ಬಾಳುವವರ ಬೆನ್ನು ಹತ್ತಿ ಅಲ್ಲ.

ಒಬ್ಬ ಅಜ್ಜಿಯ ಮನೆ ನೆನಪಾಗುತ್ತದೆ. ಮಣ್ಣಿನ ಗೋಡೆ, ಮೇಲೆ ಮಾಳಿಗೆ. ಮನೆ ನಂಬರು ಒಂದೇ, ಒಳಗೆ ಒಲೆ ಮೂರು. ಅಜ್ಜಿಯದೊಂದು, ಬೇರೆಯಾದ ಇಬ್ಬರು ಮಕ್ಕಳದ್ದು ಒಂದೊಂದು. ಪಂಚನಾಮೆಯಲ್ಲಿ ಮಾತ್ರ ಒಂದೇ ಮನೆ. ಉತಾರ ಇನ್ನೂ ತೀರಿಹೋದ ಮಾವನ ಹೆಸರಲ್ಲೇ ಇತ್ತು. ಟ್ರಂಕಿನಿಂದ ತೆಗೆದ ಆ ಕಾಗದ ನೀರು ಕುಡಿದು ಪದರು ಪದರಾಗಿ ಅಂಟಿಕೊಂಡಿತ್ತು. "ಬಿಡಿಸಬ್ಯಾಡ ತಮ್ಮಾ, ಹರಿತೈತಿ" ಅಂದರು. ವಾರಸಾ ಮಾಡಿಸಿ, ಅಂದರೆ ಉತಾರವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು, ಬರುವಷ್ಟರಲ್ಲಿ ಪಟ್ಟಿ ಮುಗಿದಿತ್ತು. ಗಾಯರಾಣದಲ್ಲಿ, ಅಂದರೆ ಊರ ದನ ಮೇಯುವ ಸರ್ಕಾರಿ ಜಾಗದಲ್ಲಿ, ಗುಡಿಸಲು ಹಾಕಿಕೊಂಡಿದ್ದವರಿಗಂತೂ ತೋರಿಸಲು ಕಾಗದವೇ ಇರಲಿಲ್ಲ.

ಅದಕ್ಕೇ ನನ್ನ ಮಾತು ಇಷ್ಟೇ: ಒಲೆ ಎಣಿಸಬೇಕು. ರೇಷನ್ ಕಾರ್ಡ್, ಕರೆಂಟ್ ಬಿಲ್, ಅಕ್ಕಪಕ್ಕದವರ ಸಾಕ್ಷಿ, ಇವೆಲ್ಲ ಸಾಲಬೇಕು. ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ ಸುಮ್ನೆ ಬಿಟ್ಟರೆ ಸಾಲದು, ಕೇರಿಗೇ ಹೋಗಿ ಜೋರಾಗಿ ಓದಬೇಕು. ಬಿಟ್ಟುಹೋದ ಹೆಸರು ಅಲ್ಲೇ ಗೊತ್ತಾಗುತ್ತದೆ.

ಕಂತಿನದೂ ಒಂದು ಕಷ್ಟ. ಬುನಾದಿ ಎದ್ದ ಮೇಲೆ ಫೋಟೊ, ಫೋಟೊ ಹೋದ ಮೇಲೆ ದುಡ್ಡು. ಕೈಯಲ್ಲಿ ಕಾಸಿದ್ದವರು ಕಟ್ಟುತ್ತಾ ಹೋಗುತ್ತಾರೆ. ಕೂಲಿಯವರು ಬಡ್ಡಿಗೆ ತರುತ್ತಾರೆ, ಇಲ್ಲವೇ ಬುನಾದಿಗೇ ನಿಲ್ಲಿಸುತ್ತಾರೆ. ಅವರಿಗೆ ಮೊದಲ ಕಂತೇ ದೊಡ್ಡದಿರಬೇಕು, ಅಲ್ವಾ?

ಇನ್ನು ಜಾಗ. 2009ರ ನೆರೆಯ ನಂತರ ಮನೆ ಕಳೆದುಕೊಂಡವರಿಗೆ ಬೇರೆ ಜಾಗದಲ್ಲಿ ಕಟ್ಟಿದ ಆಸರೆ ಯೋಜನೆಯ ಮನೆಗಳಲ್ಲಿ ಎಷ್ಟೋ ಖಾಲಿ ಬಿದ್ದಿದ್ದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ. ಅಲ್ಲಿ ಬದುಕಬೇಕಾದವರನ್ನು ಮೊದಲೇ ಕೇಳಿದ್ದರೆ ಇದು ತಪ್ಪುತ್ತಿತ್ತು. ಹೆಸರಿನ ವಿಷಯದಲ್ಲಿ ತಮಿಳುನಾಡು ಒಳ್ಳೆ ಕೆಲಸ ಮಾಡಿತು. 2004ರ ಸುನಾಮಿಯ ನಂತರ ಹೊಸ ಮನೆಗಳನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೂ ಮಾಡಿಕೊಟ್ಟರು.

ನಿಮ್ಮ ಕಡೆ ನೆರೆ ಬಂದಿದ್ದರೆ, ಬಿದ್ದ ಮಣ್ಣು ಎತ್ತುವ ಮೊದಲು ಒಂದು ಕೆಲಸ ಮಾಡಿ. ಒಂದೊಂದು ಒಲೆಯ ಪಕ್ಕ ಅದರಲ್ಲಿ ಅಡುಗೆ ಮಾಡುತ್ತಿದ್ದವರನ್ನು ನಿಲ್ಲಿಸಿ ಫೋಟೊ ತೆಗೆಯಿರಿ. ನಾವು ಅದನ್ನು ಮಾಡುವ ಹೊತ್ತಿಗೆ ಅಜ್ಜಿಯ ಒಲೆ ಮಣ್ಣಿನ ಜೊತೆ ಟ್ರ್ಯಾಕ್ಟರ್ ಹತ್ತಿತ್ತು.